ಮುಟ್ಟು ಬೇಗ ನಿಂತವರಿಗೆ ಹಾರ್ಮೋನ್ ಗುಳಿಗೆ: ಯಾಕೆ, ಎಷ್ಟು ದಿನ?



ಸ್ತ್ರೀರೋಗ ವಿಭಾಗಕ್ಕೆ ಬರುವವರಲ್ಲಿ ಇನ್ನೂ ನಲವತ್ತು ತುಂಬದ, ಆದರೆ ಮುಟ್ಟು ನಿಂತುಹೋದ ಹೆಣ್ಣುಮಕ್ಕಳು ಇರುತ್ತಾರೆ. ಅವರ ಚೀಟಿಯಲ್ಲಿ ವೈದ್ಯರು ಹಾರ್ಮೋನ್ ಗುಳಿಗೆ ಬರೆಯುತ್ತಾರೆ. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿಕೊಡುವ ಕೆಲಸ ನಮ್ಮಂಥ ದಾದಿಯರದು. ಹೇಳಿ ಮುಗಿಸುವಷ್ಟರಲ್ಲಿ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಕ್ಕಾರ, ಈ ಗುಳಿಗಿ ತಗೊಂಡ್ರ ಕ್ಯಾನ್ಸರ್ ಬರ್ತದಂತಲ್ರೀ, ಖರೇ ಏನ್ರೀ?" ಹೀಗೆ ಬಾಯಿಬಿಟ್ಟು ಕೇಳುವವರ ಬಗ್ಗೆ ನನಗೆ ಚಿಂತೆಯಿಲ್ಲ. ಕೇಳದೆ ತಲೆಯಾಡಿಸಿ ಹೋಗುವವರ ಬಗ್ಗೆಯೇ ಚಿಂತೆ. ಅವರು ಎರಡು ತಿಂಗಳು ಗುಳಿಗೆ ನುಂಗಿ, ಮೈ ಉರಿ ಕಡಿಮೆಯಾದ ಕೂಡಲೇ ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತು, ಅರವತ್ತು ದಾಟಿದವರು ಹಾರ್ಮೋನ್ ತೆಗೆದುಕೊಳ್ಳುವ ಮಾತೇ ಬೇರೆ, ಮೂವತ್ತೈದಕ್ಕೆ ಮುಟ್ಟು ನಿಂತವರು ತೆಗೆದುಕೊಳ್ಳುವ ಮಾತೇ ಬೇರೆ. ಮೂವತ್ತೈದರ ಹೆಣ್ಣಿಗೆ ನಾವು ಹೆಚ್ಚಿನದೇನನ್ನೂ ಕೊಡುತ್ತಿಲ್ಲ. ಆ ವಯಸ್ಸಿನಲ್ಲಿ ದೇಹದೊಳಗೆ ಇರಲೇಬೇಕಾದದ್ದು ಇಲ್ಲವಾಗಿದೆ, ಅದನ್ನು ತುಂಬಿಕೊಡುತ್ತಿದ್ದೇವೆ, ಅಷ್ಟೆ. ಥೈರಾಯ್ಡ್ ಕಡಿಮೆ ಇದ್ದವರು ದಿನಾ ಬೆಳಿಗ್ಗೆ ಗುಳಿಗೆ ನುಂಗುತ್ತಾರೆ. ಅದಕ್ಕೆ ಯಾರೂ ಹೆದರುವುದಿಲ್ಲ. ಇದೂ ಅದೇ ಜಾತಿಯ ಚಿಕಿತ್ಸೆ.

ಬೇಗ ಎಂದರೆ ಯಾವಾಗ?

ಹೆಣ್ಣಿನ ಗರ್ಭಕೋಶದ ಎರಡೂ ಬದಿಗೆ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿವೆ. ತಿಂಗಳಿಗೊಂದು ಅಂಡ ಬಿಡುವುದು ಅವುಗಳ ಒಂದು ಕೆಲಸ. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುವುದು ಇನ್ನೊಂದು ಕೆಲಸ. ಅಂಡಗಳ ದಾಸ್ತಾನು ಹುಟ್ಟುವಾಗಲೇ ಇಷ್ಟೆಂದು ನಿಗದಿಯಾಗಿರುತ್ತದೆ. ಅದು ತೀರಿದಾಗ ಹಾರ್ಮೋನ್ ನಿಲ್ಲುತ್ತದೆ, ಮುಟ್ಟೂ ನಿಲ್ಲುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಇದು ಸರಾಸರಿ 46-47ನೇ ವಯಸ್ಸಿಗೆ ಆಗುತ್ತದೆ. ಯುರೋಪ್, ಅಮೆರಿಕದವರಲ್ಲಿ 51ರ ಸುಮಾರಿಗೆ.

40ರಿಂದ 45ರ ಒಳಗೆ ನಿಂತರೆ ಅದನ್ನು ಬೇಗ ಮುಟ್ಟು ನಿಂತದ್ದು ಎನ್ನುತ್ತಾರೆ. 40ಕ್ಕಿಂತ ಮೊದಲೇ ನಿಂತರೆ ಅಂಡಾಶಯವೇ ಅಕಾಲದಲ್ಲಿ ಸೋತಿದೆ ಎಂದು ಅರ್ಥ. ಇದೇನು ಅಪರೂಪವಲ್ಲ. ನೂರು ಹೆಂಗಸರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂದು ಮೊದಲು ಹೇಳುತ್ತಿದ್ದರು. ಈಗಿನ ಲೆಕ್ಕದಂತೆ ಮೂರರಿಂದ ನಾಲ್ವರಿಗೆ. ಅಂದರೆ ನಿಮ್ಮ ಊರಿನಲ್ಲೂ ಇಂಥವರು ಇದ್ದಾರೆ. ಹೇಳಿಕೊಂಡಿರುವುದಿಲ್ಲ, ಅಷ್ಟೆ.

ಅಂಡಾಶಯ ಯಾಕೆ ಸೋತಿತು ಎಂದು ಕೇಳಿದರೆ ಬಹಳ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಕೆಲವರಲ್ಲಿ ಹುಟ್ಟಿನಿಂದ ಬಂದ ವರ್ಣತಂತುಗಳ ದೋಷ ಇರುತ್ತದೆ. ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ಅಂಡಾಶಯವನ್ನು ಹಾಳುಮಾಡುತ್ತದೆ. ಇವರಲ್ಲಿ ಥೈರಾಯ್ಡ್ ತೊಂದರೆಯೂ ಜೊತೆಗಿರಬಹುದು. ಕ್ಯಾನ್ಸರಿಗೆ ಕೊಡುವ ಕಿಮೊಥೆರಪಿ, ಕಿಬ್ಬೊಟ್ಟೆಗೆ ಕೊಡುವ ವಿಕಿರಣ ಚಿಕಿತ್ಸೆಯಿಂದಲೂ ಆಗುತ್ತದೆ. ಯಾರೋ ದೃಷ್ಟಿ ಹಾಕಿದ್ದರಿಂದಾಗಲಿ, ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದರಿಂದಾಗಲಿ, ಮಕ್ಕಳಾಗದಂತೆ ಆಪರೇಶನ್ ಮಾಡಿಸಿದ್ದರಿಂದಾಗಲಿ ಆಗುವುದಿಲ್ಲ. ಆ ಆಪರೇಶನ್‌ನಲ್ಲಿ ನಳಿಕೆಯನ್ನು ಮಾತ್ರ ಕಟ್ಟಿರುತ್ತಾರೆ, ಅಂಡಾಶಯ ಹಾಗೆಯೇ ಇರುತ್ತದೆ.

ಇನ್ನೊಂದು ಕಾರಣವಿದೆ. ನಮ್ಮ ಭಾಗದ ಹೆಂಗಸರಿಗೆ ಅದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

"ಚೀಲ ತೆಗೆಸಿದ್ದೀನ್ರೀ"

ಬಿಳಿ ಹೋಗುತ್ತದೆ, ಮುಟ್ಟು ಜಾಸ್ತಿ, ಸೊಂಟ ನೋವು ಎಂದು ಹೋದವರಿಗೆ ಗರ್ಭಕೋಶ ತೆಗೆಸಿಬಿಡಿ ಎಂದು ಹೇಳುವುದು, ಇವರೂ "ಮಕ್ಕಳಾಗ್ಯಾವ, ಇನ್ನ ಆ ಚೀಲ ಇದ್ದು ಏನ ಮಾಡೂದೈತಿ" ಎಂದು ಒಪ್ಪಿಕೊಳ್ಳುವುದು ಬಹಳ ವರ್ಷದಿಂದ ನಡೆದುಬಂದಿದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂವರಿಗೆ ಗರ್ಭಕೋಶ ತೆಗೆದದ್ದು ಕಂಡುಬಂತು. ಅವರಲ್ಲಿ ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಆದಾಗ ವಯಸ್ಸು 34 ಅಥವಾ ಅದಕ್ಕೂ ಕಡಿಮೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಆದದ್ದು ಆಗಿದೆ, ಅದನ್ನು ಹಿಡಿದು ಕೊರಗುವುದು ಬೇಡ. ಆದರೆ ನಿಮಗೆ ಈ ಶಸ್ತ್ರಚಿಕಿತ್ಸೆ ಆಗಿದ್ದರೆ ಒಂದು ವಿಷಯ ನಿಮಗೆ ಗೊತ್ತಿರಲೇಬೇಕು: ಗರ್ಭಕೋಶ ಮಾತ್ರ ತೆಗೆದರೋ, ಅಂಡಾಶಯಗಳನ್ನೂ ತೆಗೆದರೋ? ಹತ್ತು ಜನರನ್ನು ಕೇಳಿದರೆ ಹೆಚ್ಚಿನವರು "ಎಲ್ಲಾ ಸ್ವಚ್ಛ ಮಾಡ್ಯಾರ" ಎಂದಷ್ಟೇ ಹೇಳುತ್ತಾರೆ. ಇವೆರಡರ ನಡುವೆ ಅಜಗಜಾಂತರ ವ್ಯತ್ಯಾಸವಿದೆ.

ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೆ ಮುಟ್ಟು ಕಾಣುವುದಿಲ್ಲ, ಆದರೆ ಹಾರ್ಮೋನ್ ಬರುತ್ತಲೇ ಇರುತ್ತದೆ. ಅದು ನಿಜವಾದ ಮುಟ್ಟು ನಿಲ್ಲುವಿಕೆ ಅಲ್ಲ. ಇಂಥವರಲ್ಲಿ ಅಂಡಾಶಯ ಉಳಿದವರಿಗಿಂತ ಕೆಲವು ವರ್ಷ ಮುಂಚೆ ಸೋಲುವ ಸಾಧ್ಯತೆ ಇದೆ, ಅದಕ್ಕಾಗಿ ಗಮನ ಇಡಬೇಕು. ಎರಡೂ ಅಂಡಾಶಯ ತೆಗೆದಿದ್ದರೆ ಅದೇ ದಿನ ಹಾರ್ಮೋನ್ ಬಾಗಿಲು ಮುಚ್ಚಿತೆಂದು ತಿಳಿಯಿರಿ. ತಾನಾಗಿಯೇ ಮುಟ್ಟು ನಿಲ್ಲುವವರಿಗೆ ದೇಹ ಹೊಂದಿಕೊಳ್ಳಲು ಮೂರು ನಾಲ್ಕು ವರ್ಷ ಸಿಗುತ್ತದೆ. ಇವರಿಗೆ ಮೂರು ನಾಲ್ಕು ದಿನವೂ ಸಿಗುವುದಿಲ್ಲ. ಹೊಲಿಗೆ ಬಿಚ್ಚುವ ಮೊದಲೇ ಮೈ ಝಳ ಹೊಡೆಯಲು ಶುರುವಾಗಬಹುದು.

ಆದ್ದರಿಂದ ಮನೆಗೆ ಹೋದ ಮೇಲೆ ಟ್ರಂಕು, ಗೋಡೆಯ ಕಪಾಟು ಹುಡುಕಿ ಹಳೆಯ ಡಿಸ್ಚಾರ್ಜ್ ಕಾರ್ಡು ಹೊರತೆಗೆಯಿರಿ. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿದ್ದರೆ ಆ ಬಯಾಪ್ಸಿ ವರದಿಯೂ ಇರುತ್ತದೆ. ಅದರಲ್ಲಿ ಏನೇನು ತೆಗೆದರೆಂದು ಬರೆದಿರುತ್ತದೆ. ಎರಡೂ ಸಿಗದಿದ್ದರೆ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಿಂದ ಬಹಳ ಮಟ್ಟಿಗೆ ತಿಳಿಯುತ್ತದೆ.

ಮುಟ್ಟು ನಿಂತ ಮಾತ್ರಕ್ಕೆ ಇದೇ ಎಂದು ತಿಳಿಯಬೇಡಿ

ಎಳೆಯ ವಯಸ್ಸಿನಲ್ಲಿ ಮುಟ್ಟು ನಿಲ್ಲಲು ಬೇರೆ ಕಾರಣಗಳೂ ಇವೆ. ಮೊದಲನೆಯದು ಬಸಿರು, ನಗಬೇಡಿ, ಮೊದಲು ನೋಡುವುದು ಅದನ್ನೇ. ಥೈರಾಯ್ಡ್ ದೋಷ, ಪ್ರೊಲ್ಯಾಕ್ಟಿನ್ ಹೆಚ್ಚಾಗುವುದು, ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ, ತೀರಾ ತೂಕ ಇಳಿಯುವುದು, ನಮ್ಮಲ್ಲಿ ಗರ್ಭಕೋಶದ ಕ್ಷಯ ಕೂಡ. ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ ಬೇರೆ. 40ರೊಳಗಿನವರಿಗೆ ನಾಲ್ಕು ತಿಂಗಳು ಮುಟ್ಟು ಬಾರದಿದ್ದರೆ ಅಥವಾ ತೀರಾ ಏರುಪೇರಾಗಿದ್ದರೆ ವೈದ್ಯರು ರಕ್ತದಲ್ಲಿ ಎಫ್.ಎಸ್.ಎಚ್. ಎಂಬುದನ್ನು ನೋಡುತ್ತಾರೆ. ಇದು ಮೆದುಳಿನ ಕೆಳಗಿನ ಗ್ರಂಥಿಯಿಂದ ಅಂಡಾಶಯಕ್ಕೆ "ಕೆಲಸ ಮಾಡು" ಎಂದು ಬರುವ ಸಂದೇಶ. ಅಂಡಾಶಯ ಓಗೊಡದಿದ್ದರೆ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ, ಸಂಖ್ಯೆ ಏರುತ್ತದೆ. 25ಕ್ಕಿಂತ ಹೆಚ್ಚಿದ್ದರೆ ಅಂಡಾಶಯ ಸೋತಿದೆ ಎಂಬ ಅನುಮಾನ ಬಲವಾಗುತ್ತದೆ. ಸಂದೇಹವಿದ್ದರೆ ನಾಲ್ಕಾರು ವಾರ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಎರಡು ಸಲ ರಕ್ತ ತೆಗೆದರೆಂದು ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಒಂದು ಮಾತು. ಮುಟ್ಟು ಬಾರದಿದ್ದಾಗ ಔಷಧ ಅಂಗಡಿಯಲ್ಲಿ ಕೇಳಿ "ಮುಟ್ಟು ಬರಿಸುವ ಗುಳಿಗೆ" ಐದು ದಿನ ನುಂಗುವ ರೂಢಿ ಬಹಳ ಮನೆಗಳಲ್ಲಿದೆ. ಹಬ್ಬ, ಮದುವೆ ಬಂದಾಗ ಮುಟ್ಟು ಮುಂದೂಡಲು ತೆಗೆದುಕೊಳ್ಳುವುದೂ ಅದೇ ಬಗೆಯ ಗುಳಿಗೆ. ಅದರಲ್ಲಿರುವುದು ಪ್ರೊಜೆಸ್ಟರಾನ್ ಗುಂಪಿನ ಔಷಧ ಮಾತ್ರ. ದೇಹದಲ್ಲಿ ಈಸ್ಟ್ರೋಜೆನ್ ಇಲ್ಲದಿದ್ದರೆ ಅದರಿಂದ ಮುಟ್ಟೂ ಬರುವುದಿಲ್ಲ, ಮೂಳೆಗೆ ಬೇಕಾದ ಈಸ್ಟ್ರೋಜೆನ್ನೂ ಸಿಗುವುದಿಲ್ಲ. ವರ್ಷಗಟ್ಟಲೆ ಹೀಗೆ ಕಳೆದು ಆಮೇಲೆ ಆಸ್ಪತ್ರೆಗೆ ಬರುವವರೇ ಹೆಚ್ಚು.

ಹಾರ್ಮೋನ್ ಇಲ್ಲದಿದ್ದರೆ ಏನಾಗುತ್ತದೆ?

ಕಣ್ಣಿಗೆ ಕಾಣುವ ತೊಂದರೆ ನಿಮಗೇ ಗೊತ್ತು. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಝಳ ಏರಿ ಬೆವರು ಕಿತ್ತು ಬರುವುದು, ರಾತ್ರಿ ನಿದ್ದೆ ಇಲ್ಲದಿರುವುದು, ಎದೆ ಡವಡವ ಹೊಡೆಯುವುದು, ಕೀಲು ನೋವು, ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು, ಇಟ್ಟ ವಸ್ತು ಮರೆಯುವುದು. ಯೋನಿ ಒಣಗಿ ಗಂಡನ ಜೊತೆ ಕೂಡುವಾಗ ನೋವಾಗುವುದು, ಪದೇ ಪದೇ ಮೂತ್ರದ ಉರಿ. ಇದನ್ನು ಹೇಳಲು ನಾಚಿಕೆ ಪಡುತ್ತಾರೆ. ವೈದ್ಯರಿಗೆ ಹೇಳಲಾಗದಿದ್ದರೆ ದಾದಿಯ ಹತ್ತಿರವಾದರೂ ಹೇಳಿ, ಇದಕ್ಕೆ ಹಚ್ಚುವ ಕ್ರೀಮು ಬೇರೆಯೇ ಇದೆ.

ಕೆಲವರಿಗೆ ಇದ್ಯಾವುದೂ ಆಗುವುದಿಲ್ಲ. "ನನಗೇನೂ ತ್ರಾಸಿಲ್ಲ, ಮುಟ್ಟಿನ ಕಾಟ ತಪ್ಪಿತು" ಎಂದು ನೆಮ್ಮದಿಯಿಂದ ಇರುತ್ತಾರೆ. ಅಪಾಯ ಅಲ್ಲಿಯೇ ಇರುವುದು. ಕಾಣದ ಹಾನಿ ಒಳಗೆ ನಡೆದಿರುತ್ತದೆ. ಮೂಳೆಯಲ್ಲಿ ದಿನವೂ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಕೆಲಸ ನಡೆಯುತ್ತಿರುತ್ತದೆ. ಕೆಡವುವುದಕ್ಕೆ ಕಡಿವಾಣ ಹಾಕುವುದು ಈಸ್ಟ್ರೋಜೆನ್. ಅದು ಹೋದಾಗ ಕೆಡವುವುದು ಹೆಚ್ಚಾಗಿ ಕಟ್ಟುವುದು ಸಾಲದಾಗುತ್ತದೆ. ಮೊದಲ ಐದಾರು ವರ್ಷಗಳಲ್ಲಿ ಮೂಳೆ ಅತಿ ವೇಗವಾಗಿ ಸವೆಯುತ್ತದೆ. 50ಕ್ಕೆ ಮುಟ್ಟು ನಿಂತವರಿಗೆ 65-70ರಲ್ಲಿ ಬರುವ ಮೂಳೆ ಸವೆತ, 35ಕ್ಕೆ ನಿಂತವರಿಗೆ ಐವತ್ತರ ಆಸುಪಾಸಿಗೇ ಬರಬಹುದು. ಜಾರಿ ಕೈಯೂರಿದರೆ ಮಣಿಕಟ್ಟು ಮುರಿಯುವುದು, ಕೊಡ ಎತ್ತಿದರೆ ಬೆನ್ನುಮೂಳೆ ಕುಸಿಯುವುದು ಹೀಗೆ.

ಹೃದಯಕ್ಕೂ ಈಸ್ಟ್ರೋಜೆನ್ ರಕ್ಷೆ ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು 45ಕ್ಕಿಂತ ಮೊದಲು ಎರಡೂ ಅಂಡಾಶಯ ತೆಗೆಸಿಕೊಂಡವರನ್ನು ಹಲವು ವರ್ಷ ಹಿಂಬಾಲಿಸಿ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಈಸ್ಟ್ರೋಜೆನ್ ತೆಗೆದುಕೊಳ್ಳದೆ ಇದ್ದವರು ಉಳಿದ ಹೆಂಗಸರಿಗಿಂತ ಬೇಗ ಸಾವಿಗೀಡಾಗುವುದು ಹೆಚ್ಚಿತ್ತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಗುಳಿಗೆ ತೆಗೆದುಕೊಂಡರೆ ಏನಾದೀತು ಎಂದು ಎಲ್ಲರೂ ಕೇಳುತ್ತಾರೆ, ತೆಗೆದುಕೊಳ್ಳದಿದ್ದರೆ ಏನಾದೀತು ಎಂದು ಯಾರೂ ಕೇಳುವುದಿಲ್ಲ. ಅದಕ್ಕಾಗಿ ಹೇಳಿದೆ.

ಹಾಗಾದರೆ ಕ್ಯಾನ್ಸರ್ ಮಾತು ಎಲ್ಲಿಂದ ಬಂತು?

ಇದು ಗಾಳಿಮಾತಲ್ಲ, ಇದಕ್ಕೆ ಬುಡವಿದೆ. ಬುಡ ಎಲ್ಲಿದೆ ಎಂದು ತಿಳಿದರೆ ಹೆದರಿಕೆ ತಾನಾಗಿ ಅರ್ಧ ಇಳಿಯುತ್ತದೆ.

ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ ಗರ್ಭಕೋಶವಿದ್ದ 16,608 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಈಸ್ಟ್ರೋಜೆನ್-ಪ್ರೊಜೆಸ್ಟಿನ್ ಸೇರಿದ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಖಾಲಿ ಗುಳಿಗೆ ಕೊಟ್ಟು ನೋಡಿದರು. ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚು ಕಂಡದ್ದರಿಂದ 2002ರ ಜುಲೈನಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಜಗತ್ತಿನಾದ್ಯಂತ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಲಕ್ಷಾಂತರ ಹೆಂಗಸರು ಗುಳಿಗೆ ಬಿಟ್ಟರು, ವೈದ್ಯರೂ ಬರೆಯಲು ಹಿಂಜರಿದರು.

ಆದರೆ ಆ ಹೆಂಗಸರು ಯಾರು? 50ರಿಂದ 79 ವರ್ಷದವರು, ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹದಿನೈದು ವರ್ಷವಾಗಿ, ಹಾರ್ಮೋನ್ ಇಲ್ಲದೆ ಬದುಕುವುದು ಸಹಜವಾಗಿದ್ದ ದೇಹಕ್ಕೆ ಹೊರಗಿನಿಂದ ಕೊಟ್ಟದ್ದು. 35 ವರ್ಷದ ನಿಮಗೂ ಆ ಅಜ್ಜಿಯರಿಗೂ ಹೋಲಿಕೆ ಸಲ್ಲದು. ನಿಮ್ಮನ್ನು ಹೋಲಿಸಬೇಕಾದದ್ದು ತಿಂಗಳು ತಿಂಗಳು ಮುಟ್ಟಾಗುತ್ತಿರುವ ನಿಮ್ಮದೇ ವಯಸ್ಸಿನ ನಾದಿನಿ, ನೆಗೆಣ್ಣಿಯರ ಜೊತೆ. ಅವರ ದೇಹದಲ್ಲಿ ದಿನವೂ ಈಸ್ಟ್ರೋಜೆನ್ ಹರಿಯುತ್ತಿದೆ. ಬೇಗ ಮುಟ್ಟು ನಿಂತವರು ಸಹಜ ವಯಸ್ಸಿನವರೆಗೆ ಹಾರ್ಮೋನ್ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಅಪಾಯ ಆ ನಾದಿನಿ, ನೆಗೆಣ್ಣಿಯರಿಗಿಂತ ಹೆಚ್ಚಾಗುವುದು ಕಂಡುಬಂದಿಲ್ಲ. ಹಾರ್ಮೋನ್ ಪೊಟ್ಟಣಗಳ ಮೇಲೆ ಹಾಕುತ್ತಿದ್ದ ದಪ್ಪ ಚೌಕಟ್ಟಿನ ಎಚ್ಚರಿಕೆಯಲ್ಲಿ ಬಹುಪಾಲನ್ನು ತೆಗೆಯುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ನವೆಂಬರಿನಲ್ಲಿ ಪ್ರಕಟಿಸಿತು.

ಒಂದು ಎಚ್ಚರಿಕೆಯನ್ನು ಮಾತ್ರ ಅವರೂ ಉಳಿಸಿಕೊಂಡರು, ನೀವೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗರ್ಭಕೋಶ ಇರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಳ್ಳಬಾರದು. ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ. ಅದನ್ನು ತಡೆಯುವ ಪ್ರೊಜೆಸ್ಟರಾನ್ ಜೊತೆಗಿಲ್ಲದಿದ್ದರೆ ಪದರ ದಪ್ಪಗಾಗಿ ಅಲ್ಲಿ ಕ್ಯಾನ್ಸರ್ ಬರಬಹುದು. ಅಮೆರಿಕದಲ್ಲಿ ಒಂಟಿ ಈಸ್ಟ್ರೋಜೆನ್ ಕೊಟ್ಟು ಇಂಥ ಪ್ರಕರಣಗಳು ಹೆಚ್ಚಾದದ್ದು 1975ರಲ್ಲಿ ಬಯಲಿಗೆ ಬಂತು. ಅಲ್ಲಿಂದ ಎರಡನ್ನೂ ಕೂಡಿಸಿ ಕೊಡುವ ಪದ್ಧತಿ ಬಂತು. ಗರ್ಭಕೋಶ ತೆಗೆದವರಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು.

ಆದ್ದರಿಂದ ಚೀಟಿಯಲ್ಲಿ ಎರಡು ಔಷಧ ಬರೆದಿದ್ದರೆ ದುಡ್ಡು ಉಳಿಸಲು ಒಂದನ್ನೇ ತರಬೇಡಿ. ದುಡ್ಡಿನ ತೊಂದರೆ ಇದ್ದರೆ ಬಾಯಿಬಿಟ್ಟು ಹೇಳಿ, ಕಡಿಮೆ ಬೆಲೆಯದನ್ನು ಬರೆದುಕೊಡುತ್ತಾರೆ. ಪಕ್ಕದ ಮನೆಯವರ ಚೀಟಿ ತೋರಿಸಿ ಗುಳಿಗೆ ತರುವುದಂತೂ ಬೇಡವೇ ಬೇಡ. ಅವರಿಗೆ ಗರ್ಭಕೋಶ ಇಲ್ಲದಿರಬಹುದು, ನಿಮಗೆ ಇರಬಹುದು.

ತೆಗೆದುಕೊಳ್ಳುವ ಬಗೆ

ಈಸ್ಟ್ರೋಜೆನ್ ಹೆಚ್ಚಾಗಿ ಎಸ್ಟ್ರಡಯಾಲ್ ಗುಳಿಗೆಯ ರೂಪದಲ್ಲಿ ಸಿಗುತ್ತದೆ. ಎಳೆಯ ವಯಸ್ಸಿನವರಿಗೆ ದಿನಕ್ಕೆ 2 ಮಿಲಿಗ್ರಾಂ ಸಾಮಾನ್ಯ ಪ್ರಮಾಣ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಐವತ್ತರವರಿಗೆ ಕೊಡುವುದಕ್ಕಿಂತ ಇದು ಜಾಸ್ತಿ. "ನಮ್ಮ ಅತ್ತಿಗಿ ಅರ್ಧ ಗುಳಿಗಿ ಬರದಾರ, ನನಗ್ಯಾಕ ಇಷ್ಟು" ಎಂದು ನೀವೇ ಮುರಿದು ನುಂಗಬೇಡಿ. ನಿಮ್ಮ ಮೂಳೆಗೆ ನಿಮ್ಮ ವಯಸ್ಸಿಗೆ ತಕ್ಕ ಪ್ರಮಾಣವೇ ಬೇಕು. ಚರ್ಮಕ್ಕೆ ಅಂಟಿಸುವ ಪಟ್ಟಿ, ಸವರಿಕೊಳ್ಳುವ ಜೆಲ್ ಕೂಡ ಇವೆ. ಇವು ಚರ್ಮದಿಂದ ನೇರವಾಗಿ ರಕ್ತಕ್ಕೆ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಗಿಂತ ಕಡಿಮೆ. ಬಿ.ಪಿ. ಇದ್ದವರಿಗೆ, ತೂಕ ಹೆಚ್ಚಿದ್ದವರಿಗೆ, ಅರೆತಲೆನೋವು ಇದ್ದವರಿಗೆ ಇವೇ ಒಳ್ಳೆಯದು. ಪಟ್ಟಿಯನ್ನು ಹೊಕ್ಕುಳ ಕೆಳಗೆ ಅಥವಾ ಪೃಷ್ಠದ ಮೇಲೆ ಹಚ್ಚಬೇಕು. ಲಂಗದ ಲಾಡಿ ಒತ್ತುವ ಕಡೆ ಬೇಡ, ಸ್ತನದ ಮೇಲಂತೂ ಬೇಡ. ಜೆಲ್ ಹಚ್ಚಿದ ಜಾಗ ಒಣಗುವವರೆಗೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಸಣ್ಣ ಊರಿನ ಅಂಗಡಿಗಳಲ್ಲಿ ಇವು ಸಿಗದೆ ಹೇಳಿ ತರಿಸಬೇಕಾಗಬಹುದು, ಬೆಲೆಯೂ ಹೆಚ್ಚು.

ಪ್ರೊಜೆಸ್ಟರಾನ್ ಅನ್ನು ಎರಡು ರೀತಿ ಕೊಡುತ್ತಾರೆ. ಪ್ರತಿ ತಿಂಗಳು 12ರಿಂದ 14 ದಿನ ಕೊಟ್ಟರೆ ಅದು ಮುಗಿದ ಮೇಲೆ ಮುಟ್ಟಿನಂತೆ ರಕ್ತ ಹೋಗುತ್ತದೆ. ದಿನವೂ ಕೊಟ್ಟರೆ ಕೆಲವು ತಿಂಗಳ ಮೇಲೆ ರಕ್ತ ಕಾಣುವುದಿಲ್ಲ. ಎರಡೂ ಸರಿಯೇ. ಇದರ ಕ್ಯಾಪ್ಸೂಲ್ ನಿದ್ದೆ ತರಿಸುತ್ತದೆ, ಅದಕ್ಕೆ ಮಲಗುವಾಗ ನುಂಗಿ. ಔಷಧ ಅಂಗಡಿಯವರು ಅಥವಾ ಮನೆಯವರು "ಇದು ಬಸುರಿಯರಿಗೆ ಕೊಡೋದಲ್ಲ?" ಎಂದಾರು. ಹೌದು, ಬಸಿರು ನಿಲ್ಲಲು ಕೊಡುವುದೂ ಇದನ್ನೇ. ಗಾಬರಿ ಬೇಡ.

ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಎರಡು ಸೇರಿಸಿ ನುಂಗಬೇಡಿ. ಮೊದಲ ಎರಡು ಮೂರು ತಿಂಗಳು ಎದೆ ಭಾರ, ಸ್ವಲ್ಪ ವಾಕರಿಕೆ, ತಲೆನೋವು, ನಡುನಡುವೆ ರಕ್ತದ ಕಲೆ ಆಗಬಹುದು. ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ, ಹೋಗದಿದ್ದರೆ ಔಷಧ ಬದಲಿಸಬಹುದು. ಗುಳೆ ಹೋಗುವವರು, ಕಬ್ಬು ಕಡಿಯಲು ಅಥವಾ ಕಟ್ಟಡ ಕೆಲಸಕ್ಕೆ ಗೋವಾ, ಪುಣೆ, ಬೆಂಗಳೂರು ಕಡೆ ಹೊರಡುವವರು ವೈದ್ಯರಿಗೆ ಮೊದಲೇ ತಿಳಿಸಿ ಅಷ್ಟೂ ತಿಂಗಳಿನ ಗುಳಿಗೆ, ಚೀಟಿಯ ನಕಲು ಎರಡನ್ನೂ ಜೊತೆಗೆ ಒಯ್ಯಿರಿ. ಬಹಳ ಜನರ ಚಿಕಿತ್ಸೆ ತಪ್ಪುವುದು ಹೀಗೆ ಊರು ಬಿಟ್ಟಾಗಲೇ.

ಕೆಳಗೆ ಹೇಳಿದ್ದು ಕಂಡರೆ ಮಾತ್ರ ಕಾಯಬೇಡಿ, ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಬನ್ನಿ: ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಹಿಡಿಯುವುದು ಅಥವಾ ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಕಣ್ಣು ಹಳದಿಯಾಗುವುದು. ಸ್ತನದಲ್ಲಿ ಗಂಟು ಕೈಗೆ ಸಿಕ್ಕರೆ, ಲೆಕ್ಕಕ್ಕೆ ಸಿಗದ ರಕ್ತಸ್ರಾವವಾದರೆ ಆ ವಾರದೊಳಗೆ ತೋರಿಸಿ.

ಎಲ್ಲರಿಗೂ ಈ ಚಿಕಿತ್ಸೆ ಕೊಡಲಾಗದು. ಸ್ತನ ಕ್ಯಾನ್ಸರ್ ಆಗಿ ಗುಣವಾದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅವರ ಮೂಳೆ ಮತ್ತು ಮೈಝಳಕ್ಕೆ ಬೇರೆ ಔಷಧಗಳಿವೆ. ಕಾರಣ ತಿಳಿಯದ ರಕ್ತಸ್ರಾವ, ತೀವ್ರ ಯಕೃತ್ತಿನ ಕಾಯಿಲೆ, ಹಿಂದೆ ಹೃದಯಾಘಾತ, ಪಾರ್ಶ್ವವಾಯು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇದ್ದರೆ ಮುಚ್ಚಿಡದೆ ಹೇಳಿ. ತಾಯಿ, ಅಕ್ಕಂದಿರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ಹೇಳಿ. ಅದರಿಂದಲೇ ಚಿಕಿತ್ಸೆ ತಪ್ಪಿತು ಎಂದಲ್ಲ, ನೋಡಿ ಕೊಡಬೇಕು.

ರಾಗಿ, ಎಳ್ಳು ಸಾಲುವುದಿಲ್ಲವೇ?

ಬೇಕು, ಆದರೆ ಸಾಲುವುದಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ, ದಿನಕ್ಕೆ ಬೇಕಾದದ್ದು ಸುಮಾರು 1000 ಮಿಲಿಗ್ರಾಂ. ಹಾಲು, ಮೊಸರು, ಎಳ್ಳು ಚಟ್ನಿಪುಡಿ, ನುಗ್ಗೆಸೊಪ್ಪು ಇವೆಲ್ಲ ಸೇರಿದರೆ ಲೆಕ್ಕ ಹತ್ತಿರ ಬರುತ್ತದೆ. ಬಿಸಿಲಿಗೆ ಕೈ, ಮುಖ ಒಡ್ಡಿ ನಡೆದಾಡಿ. ಆದರೆ ಇವು ಮನೆ ಕಟ್ಟಲು ಬೇಕಾದ ಇಟ್ಟಿಗೆಗಳು, ಈಸ್ಟ್ರೋಜೆನ್ ಮೇಸ್ತ್ರಿ. ಮೇಸ್ತ್ರಿ ಇಲ್ಲದೆ ಎಷ್ಟು ಇಟ್ಟಿಗೆ ತಂದು ಸುರಿದರೂ ಗೋಡೆ ಏಳುವುದಿಲ್ಲ. ಸೋಯಾ, ಬೇರು-ನಾರುಗಳ ಪುಡಿ ಯಾವುದೂ ನಿಮ್ಮ ವಯಸ್ಸಿನ ಕೊರತೆಯನ್ನು ತುಂಬಲಾರವು. ತಂಬಾಕು, ಗುಟಕಾ, ಹಲ್ಲಿಗೆ ಹಚ್ಚುವ ತಂಬಾಕಿನ ಪುಡಿ ಬಿಡಿ.

ಮನೆಯವರಿಗೆ ಎರಡು ಮಾತು

ಇನ್ನೂ ಮಕ್ಕಳಾಗದ ಹೆಣ್ಣುಮಗಳಿಗೆ ಈ ಸುದ್ದಿ ಹೇಳುವ ದಿನ ನಮಗೂ ಕಷ್ಟದ ದಿನ. ಅವಳ ಪಕ್ಕದಲ್ಲಿ ಕುಳಿತ ಅತ್ತೆ, ಗಂಡನ ಮುಖ ನೋಡಿದರೆ ಸಾಕು, ಮನೆಯಲ್ಲಿ ಮುಂದೆ ಏನು ನಡೆಯುತ್ತದೆ ಎಂದು ತಿಳಿದುಬಿಡುತ್ತದೆ. ಇದರಲ್ಲಿ ಅವಳ ತಪ್ಪಿಲ್ಲ. ಅವಳು ಏನನ್ನೂ ಮುಚ್ಚಿಟ್ಟು ಮದುವೆಯಾದವಳಲ್ಲ, ಅವಳಿಗೂ ಇವತ್ತೇ ತಿಳಿದದ್ದು. ತಾನಾಗಿ ಮುಟ್ಟು ನಿಂತವರಲ್ಲಿ ಅಂಡಾಶಯ ಆಗೊಮ್ಮೆ ಈಗೊಮ್ಮೆ ಎಚ್ಚೆತ್ತುಕೊಳ್ಳುವುದುಂಟು. ನೂರರಲ್ಲಿ ಐದರಿಂದ ಹತ್ತು ಜನ ಚಿಕಿತ್ಸೆಯಿಲ್ಲದೆ ಬಸಿರಾಗುತ್ತಾರೆ. ಅದೇ ಕಾರಣಕ್ಕೆ, ಮಕ್ಕಳು ಬೇಡ ಎನ್ನುವವರು ಹಾರ್ಮೋನ್ ಗುಳಿಗೆಯನ್ನೇ ಗರ್ಭನಿರೋಧಕ ಎಂದು ನಂಬಿ ಕೂರಬಾರದು, ವೈದ್ಯರಲ್ಲಿ ಬೇರೆ ಉಪಾಯ ಕೇಳಬೇಕು. ಗರ್ಭಕೋಶ ಸರಿಯಿದ್ದರೆ ದಾನಿಯ ಅಂಡದಿಂದ ಮಗು ಪಡೆಯಲು ಸಾಧ್ಯ. ಇದು 2021ರ ಕಾಯ್ದೆಯ ಪ್ರಕಾರ ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ನಡೆಯಬೇಕು. ದತ್ತು ಸ್ವೀಕಾರವೂ ಇದೆ. ಈ ಚಿಕಿತ್ಸೆ ಅವಳ ಮೂಳೆ, ಹೃದಯಕ್ಕಾಗಿ. ಮಗು ಆಗಲಿ ಆಗದಿರಲಿ ಅದು ನಡೆಯಲೇಬೇಕು. "ಮಕ್ಕಳೇ ಆಗೂದಿಲ್ಲ ಅಂದಮ್ಯಾಲೆ ಗುಳಿಗಿ ಯಾಕ?" ಎನ್ನುವ ಮಾತನ್ನು ದಯವಿಟ್ಟು ಮನೆಯಲ್ಲಿ ಆಡಬೇಡಿ.

ಅವಳು ರಾತ್ರಿ ಎದ್ದು ಕೂತರೆ, ಸಿಡುಕಿದರೆ ಅದು ಹಟವಲ್ಲ. ಗುಳಿಗೆ ಶುರುವಾಗಿ ಕೆಲವು ವಾರಗಳಲ್ಲಿ ಝಳ, ನಿದ್ದೆ ಸುಧಾರಿಸುತ್ತವೆ. ಮನಸ್ಸು ಸುಧಾರಿಸಲು ಇನ್ನೂ ಸ್ವಲ್ಪ ಹೆಚ್ಚು ಸಮಯ ಬೇಕು. ಊಟ, ಮಾತು ಬಿಟ್ಟು ಮೂಲೆ ಹಿಡಿದರೆ ಕರೆತನ್ನಿ, ಅದಕ್ಕೂ ಚಿಕಿತ್ಸೆ ಇದೆ.

ಎಲ್ಲಿಯವರೆಗೆ?

ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಅಂದರೆ ಸುಮಾರು 50ರವರೆಗೆ. 34ಕ್ಕೆ ಅಂಡಾಶಯ ಹೋದವರಿಗೆ ಇದು 16 ವರ್ಷದ ಚಿಕಿತ್ಸೆ. ಉದ್ದ ಅನ್ನಿಸುತ್ತದೆ, ನಿಜ. ಶುರು ಮಾಡಿದ ಮೂರು ತಿಂಗಳಿಗೊಮ್ಮೆ ಬನ್ನಿ. ಆಮೇಲೆ ವರ್ಷಕ್ಕೊಮ್ಮೆ ಬಂದರೆ ಸಾಕು. ಬಂದಾಗ ಬಿ.ಪಿ., ತೂಕ, ಸ್ತನ ಪರೀಕ್ಷೆ ಮಾಡುತ್ತಾರೆ, ಬೇಕಿದ್ದರೆ ಸಕ್ಕರೆ ಮತ್ತು ಥೈರಾಯ್ಡ್ ನೋಡುತ್ತಾರೆ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಪರೀಕ್ಷೆಯನ್ನು ಶುರುವಿನಲ್ಲಿ ಒಮ್ಮೆ ಮಾಡಿಸಿದರೆ ಒಳ್ಳೆಯದು. ದೊಡ್ಡ ಊರುಗಳಲ್ಲಿ ಸಿಗುತ್ತದೆ. ಎಫ್.ಎಸ್.ಎಚ್. ಪರೀಕ್ಷೆಯನ್ನು ಪ್ರತಿ ವರ್ಷ ಮಾಡಿಸುವ ಅಗತ್ಯವಿಲ್ಲ, ದುಡ್ಡು ದಂಡ.

50ಕ್ಕೆ ಬಂದಾಗ ನಿಲ್ಲಿಸಬೇಕೋ, ಪ್ರಮಾಣ ಇಳಿಸಿ ಮುಂದುವರಿಸಬೇಕೋ ಎಂದು ವೈದ್ಯರ ಜೊತೆ ಕೂತು ತೀರ್ಮಾನಿಸಬಹುದು. ಪ್ರತಿ ಸಲ ಬರುವಾಗ ಹಳೆಯ ಚೀಟಿ, ಡಿಸ್ಚಾರ್ಜ್ ಕಾರ್ಡು, ಖಾಲಿಯಾದ ಗುಳಿಗೆಯ ಪಟ್ಟಿ ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ.